ಹೊಗೆಯಿಲ್ಲದ ಗಾಡಿಗೆ ಹೊಗೆ ತಪಾಸಣೆ ಮಾಡಿಸಿದವರಿಗೆ

ಮಾನ್ಯ ಸಾರಿಗೆ ಆಯುಕ್ತರೇ,

ನನ್ನ ಹೆಂಡತಿ ಕೆಲಸ ಕಳೆದುಕೊಂಡಿದ್ದಾಳೆ. ಅದು ಹೋದದ್ದು ಅವಳ ತಪ್ಪಿನಿಂದಲ್ಲ, ತಮ್ಮ ಇಲಾಖೆಯಿಂದ ಎಂದು ತಿಳಿಸುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಕೆಲಸ ಕಳೆದುಕೊಳ್ಳುವವರು ಊರ ತುಂಬ ಇದ್ದಾರೆ, ಅದಕ್ಕೂ ಸಾರಿಗೆ ಇಲಾಖೆಗೂ ಎತ್ತಣಿಂದೆತ್ತ ಸಂಬಂಧ ಎಂದು ತಾವು ಕೇಳಬಹುದು. ಕೇಳಬೇಕು ಕೂಡ. ಪ್ರಶ್ನೆ ಕೇಳುವ ಮಕ್ಕಳ ನಡುವೆಯೇ ನನ್ನ ದಿನ ಕಳೆಯುತ್ತದೆ. ನಾನು ಮಾಧ್ಯಮಿಕ ಶಾಲೆಯಲ್ಲಿ ಭಾಷೆ ಕಲಿಸುವ ಮೇಷ್ಟ್ರು. ಕೇಳಿದವರಿಗೆ ತಾಳ್ಮೆಯಿಂದ ಉತ್ತರ ಹೇಳುವುದು ನನಗೆ ರೂಢಿ. ತಮಗೂ ಹಾಗೆಯೇ ಹೇಳುತ್ತೇನೆ. ತಮ್ಮ ಕಚೇರಿಯ ಕಿಟಕಿಗಳಲ್ಲಿ ಹೇಳಿಯಾಯಿತು. ಅಲ್ಲಿ ಮುಚ್ಚಿದ್ದ ಕಿವಿಗಳು ಬಹಿರಂಗವಾಗಿ ಹೇಳಿದರಾದರೂ ತೆರೆದಾವೇನೋ ಎಂಬ ಆಸೆ.

ನನ್ನ ಹೆಂಡತಿ ಕೃತಕ ಕಾಲು ತಯಾರಿಸುವ ಕೇಂದ್ರದಲ್ಲಿ ಅಚ್ಚು ತೆಗೆಯುತ್ತಿದ್ದವಳು. ಅಪಘಾತದಲ್ಲೋ ಕಾಯಿಲೆಯಲ್ಲೋ ಕಾಲು ಕಳೆದುಕೊಂಡವರು ಬಂದರೆ, ಕತ್ತರಿಸಿ ಉಳಿದ ಕಾಲಿನ ತುದಿಗೆ ಬೆಚ್ಚನೆಯ ನೀರಿನಲ್ಲಿ ಅದ್ದಿದ ಪ್ಲಾಸ್ಟರ್ ಪಟ್ಟಿ ಸುತ್ತಿ, ಅದು ಗಟ್ಟಿಯಾಗುವವರೆಗೆ ಎರಡೂ ಅಂಗೈಯಲ್ಲಿ ಹಿಡಿದು ಕೂರಬೇಕು. ಆ ಅಚ್ಚಿನ ಮೇಲೆಯೇ ಕೃತಕ ಕಾಲಿನ ತೊಡುವ ಭಾಗ ತಯಾರಾಗುತ್ತದೆ. ಹಿಡಿತ ಒಂದಿಷ್ಟು ಬಿಗಿಯಾದರೆ ಆ ಮನುಷ್ಯ ಮುಂದೆ ಇಡುವ ಪ್ರತಿ ಹೆಜ್ಜೆಯೂ ಹುಣ್ಣು. ಸಡಿಲವಾದರೆ ಪ್ರತಿ ಹೆಜ್ಜೆಯೂ ಭಯ. ಅಲ್ಲಿಗೆ ಬರುವ ಮಕ್ಕಳು ಅವಳನ್ನು 'ಕಾಲಮ್ಮ' ಎಂದು ಕರೆಯುತ್ತವೆ. ಮೊದಮೊದಲು ನನಗೆ ಆ ಹೆಸರು ಕೇಳಿ ನಗು ಬರುತ್ತಿತ್ತು. ಒಮ್ಮೆ ಅವಳೊಂದಿಗೆ ಹೋಗಿ, ಅಳುತ್ತಿದ್ದ ಮಗುವೊಂದರ ಕಾಲನ್ನು ಅವಳು ಹಿಡಿದು ಕುಳಿತ ರೀತಿ ನೋಡಿದ ಮೇಲೆ ನಗು ನಿಂತಿತು. ಮಗು ಅಳು ನಿಲ್ಲಿಸಿದ್ದು ಅವಳು ಹೇಳಿದ ಮಾತಿಗಲ್ಲ, ಅವಳ ಕೈಯ ಬಿಸಿಗೆ.

ಈ ಕೇಂದ್ರ ಇರುವುದು ನಗರದ ಆಚೆ ತುದಿಯಲ್ಲಿ, ಉದ್ದನೆಯ ಸೇತುವೆ ದಾಟಿ, ಏರು ರಸ್ತೆಯ ಕೊನೆಗೆ. ದೂರದ ಊರುಗಳಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವರು ಬೆಳಗಾಗುವ ಹೊತ್ತಿಗೆ ಅಲ್ಲಿಯ ಬೆಂಚುಗಳ ಮೇಲೆ ಕೂತಿರುತ್ತಾರೆ. ಅಚ್ಚುಗಳೆಲ್ಲ ಮುಂಜಾನೆಯೇ ಆಗಬೇಕು. ಆಗಲೇ ಅವು ಒಣಗಿ ಮಧ್ಯಾಹ್ನದ ಕೆಲಸಕ್ಕೆ ಸಿಗುತ್ತವೆ. ಬಹಳ ವರ್ಷ ಅವಳು ಮುಂಜಾನೆಯ ಮೊದಲ ಬಸ್ಸಿನಲ್ಲಿ ಹೋಗುತ್ತಿದ್ದಳು. ಆ ಬಸ್ಸಿನಲ್ಲಿ ಆಸ್ಪತ್ರೆಯ ಅಡುಗೆಯವರು, ಕಚೇರಿ ಗುಡಿಸುವವರು, ಪಾಳಿ ಮುಗಿಸಿದ ಕಾವಲುಗಾರರು ಇರುತ್ತಿದ್ದರು. ಒಬ್ಬರ ಭುಜದ ಮೇಲೆ ಒಬ್ಬರು ತಲೆಯಿಟ್ಟು ತೂಕಡಿಸುವುದಕ್ಕೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲವಂತೆ.

ಒಂದು ದಿನ ನಿಲ್ದಾಣದಲ್ಲಿ ತಮ್ಮ ಇಲಾಖೆಯ ಪ್ರಕಟಣೆ ಅಂಟಿತ್ತು. 'ಮಾರ್ಗಗಳ ವೈಜ್ಞಾನಿಕ ಮರುಹೊಂದಾಣಿಕೆಯ ಅಂಗವಾಗಿ ಸದರಿ ಸೇವೆಯನ್ನು ರದ್ದುಪಡಿಸಲಾಗಿದೆ.' ಭಾಷೆ ಕಲಿಸುವವನಾದ್ದರಿಂದ ಈ ವಾಕ್ಯವನ್ನು ನಾನು ಮೆಚ್ಚದೆ ಇರಲಾರೆ. ಇದು ಕರ್ಮಣಿ ಪ್ರಯೋಗ. ಇದರಲ್ಲಿ ಕೆಲಸ ನಡೆಯುತ್ತದೆ, ಮಾಡಿದವನು ಮಾತ್ರ ಕಾಣುವುದಿಲ್ಲ. ರದ್ದುಪಡಿಸಲಾಗಿದೆ; ಯಾರಿಂದ? ಮಕ್ಕಳಿಗೆ ನಾನು ಕರ್ತೃವನ್ನು ಹುಡುಕಿ ಅಡಿಗೆರೆ ಎಳೆಯಿರಿ ಎನ್ನುತ್ತೇನೆ. ತಮ್ಮ ಪ್ರಕಟಣೆಯನ್ನು ಪರೀಕ್ಷೆಗೆ ಕೊಟ್ಟರೆ ತರಗತಿಗೆ ತರಗತಿಯೇ ನಪಾಸಾಗುತ್ತದೆ.

ಹೀಗೆ ಬಸ್ಸು ಹೋದ ಮೇಲೆ ನಮ್ಮಂಥವರ ಮನೆಯಲ್ಲಿ ಗಾಡಿಯ ಮಾತು ಬಂತು. ಹೊಸ ಗಾಡಿ ಕೊಳ್ಳುವ ಶಕ್ತಿ ಇರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದುಕೊಂಡು ಯಾರೋ ಓಡಿಸಿ ಬಿಟ್ಟ ಗಾಡಿಗಳನ್ನು ನೋಡಲು ಹೊರಟೆವು. ಕೊನೆಗೆ ಎರಡು ಉಳಿದವು: ಒಂದು ಸಣ್ಣ ಪೆಟ್ರೋಲ್ ಕಾರು, ಇನ್ನೊಂದು ಹಳೆಯ ವಿದ್ಯುತ್ ಕಾರು.

ಪೆಟ್ರೋಲ್ ಕಾರಿನ ಒಡತಿ ಹೆರಿಗೆ ಆಸ್ಪತ್ರೆಯ ನರ್ಸಮ್ಮ, ನಿವೃತ್ತಿಯ ಅಂಚಿನಲ್ಲಿದ್ದವರು. ಗಾಡಿಯ ಬಾನೆಟ್ ಎತ್ತಿ, ಮಗುವಿನ ಹೊಟ್ಟೆ ತೋರಿಸುವ ಹಾಗೆ ತೋರಿಸಿದರು. "ಬೆಳಿಗ್ಗೆ ಹೊತ್ತು ಸ್ವಲ್ಪ ಕೆಮ್ಮುತ್ತೆ. ಎರಡನೇ ಗೇರಿಗೆ ಹಾಕುವಾಗ ಮುನಿಸ್ಕೊಳ್ಳುತ್ತೆ. ಬ್ರೇಕ್ ಹೊಸದು. ಪೆಟ್ರೋಲ್ ಕುಡಿಯೋದು ಮಾತ್ರ ಜಾಸ್ತಿ, ಅದನ್ನ ಮುಚ್ಚಿಡಲ್ಲಮ್ಮ," ಎಂದರು. ಓಡಿಸಿ ನೋಡಿದೆವು. ಅವರು ಹೇಳಿದ ಹಾಗೆಯೇ ಕೆಮ್ಮಿತು, ಹೇಳಿದ ಹಾಗೆಯೇ ಮುನಿಸಿಕೊಂಡಿತು. ದಿನವೂ ಸೇತುವೆ ದಾಟಿ ಹೋಗಿ ಬರುವುದಕ್ಕೆ ಬೇಕಾದ ಪೆಟ್ರೋಲಿನ ಲೆಕ್ಕ ಹಾಕಿದ ಮೇಲೆ ನಾವಿಬ್ಬರೂ ಇನ್ನೊಂದು ಗಾಡಿ ನೋಡಲು ಹೊರಟೆವು.

ವಿದ್ಯುತ್ ಕಾರು ಇದ್ದದ್ದು ಮಾರಾಟದ ಅಂಗಡಿಯೊಂದರಲ್ಲಿ. ಅಂಗಡಿಯವನು ಮಾತಿನ ಮಲ್ಲ. ಬಟನ್ ಒತ್ತಿದ, ಸದ್ದಿಲ್ಲ, ನಡುಕವಿಲ್ಲ, ವಾಸನೆಯಿಲ್ಲ. "ಮೇಡಂ, ಇದಕ್ಕೆ ಎಣ್ಣೆ ಬೇಡ, ಬೆಲ್ಟ್ ಬೇಡ, ಮೆಕ್ಯಾನಿಕ್ ಮುಖ ನೋಡೋದೇ ಬೇಡ. ಮೊಬೈಲ್ ಥರ, ಚುಚ್ಚಿ ಮಲ್ಕೊಳ್ಳಿ," ಎಂದ. ಬ್ಯಾಟರಿ ಹೇಗಿದೆ ಎಂದು ನಾನು ಕೇಳಿದೆ. ಮುಂದಿನ ಗಾಜಿಗೆ ಅಂಟಿಸಿದ್ದ ಯೋಗ್ಯತಾ ಪತ್ರವನ್ನು ಬೆರಳಿನಿಂದ ತಟ್ಟಿ, "ಸಾರಿಗೆ ಇಲಾಖೆಯೋರೇ ನೋಡಿ ಪಾಸ್ ಮಾಡಿದಾರೆ ಸಾರ್. ಅವರಿಗಿಂತ ಗ್ಯಾರಂಟಿ ನಾನೇನು ಕೊಡ್ಲಿ?" ಎಂದ. ಮಾತು ನಿಜ. ತಮಗಿಂತ ದೊಡ್ಡ ಗ್ಯಾರಂಟಿ ಯಾರಿದ್ದಾರೆ?

ನನ್ನ ಹೆಂಡತಿಯ ತಮ್ಮ ಸಾಮಾನು ಸಾಗಿಸುವ ವ್ಯಾನಿನ ಚಾಲಕ. ಅವನಿಗೆ ಇದು ಒಪ್ಪಿಗೆಯಾಗಲಿಲ್ಲ. "ಅಕ್ಕ, ಪೆಟ್ರೋಲ್ ಗಾಡಿ ಕೆಟ್ಟರೆ ರಸ್ತೆ ಪಕ್ಕದಲ್ಲಿ ಯಾವನಾದ್ರೂ ಒಬ್ಬ ಸರಿ ಮಾಡ್ತಾನೆ. ಇದು ಕೈ ಕೊಟ್ಟರೆ ಕೇಳೋರ್ ಯಾರು? ಭಾವ, ನೀವಾದ್ರೂ ಹೇಳಿ," ಎಂದ. ಅವಳು ಬಟ್ಟೆ ಮಡಚುತ್ತಿದ್ದವಳು ಮಡಚುತ್ತಲೇ ಹೇಳಿದಳು: "ದಿನಾ ಪ್ಲಾಸ್ಟರ್ ಧೂಳು ಕುಡೀತೀನಿ ಕಣೋ. ಅಂಟಿನ ವಾಸನೆ ಕೂದಲಿಗೂ ಹತ್ತಿದೆ. ದಾರಿಯಲ್ಲಾದ್ರೂ ಒಂದಿಷ್ಟು ಒಳ್ಳೆ ಗಾಳಿ ಬೇಡ್ವಾ? ಆಮೇಲೆ, ಕಮಿಷನರ್ ಸಾಹೇಬ್ರೇ ಬಂದು ನಮ್ಮ ಬೀದಿ ತುದೀಲಿ ಕಂಬ ನೆಡಿಸಿ ಹೋಗಿದಾರೆ. ಸುಮ್ನೆ ನೆಡಿಸ್ತಾರಾ?"

ಸ್ವಾಮಿ, ಆ ಕಂಬ ತಮಗೆ ನೆನಪಿದೆಯೇ? ಹಸಿರು ಬಣ್ಣದ್ದು, ವಿದ್ಯುತ್ ಗಾಡಿಗಳಿಗೆ ಚಾರ್ಜ್ ಮಾಡುವ ಕಂಬ. ತಾವು ಅದಕ್ಕೆ ಕಟ್ಟಿದ್ದ ರಿಬ್ಬನ್ ಕತ್ತರಿಸಿದ ದಿನ ನಮ್ಮ ಶಾಲೆಯ ಮಕ್ಕಳನ್ನು ಚಪ್ಪಾಳೆ ತಟ್ಟಲು ಸಾಲಾಗಿ ನಿಲ್ಲಿಸಿದ್ದರು. ಸಾಲು ನೇರ ಮಾಡುವ ಕೆಲಸ ನನ್ನದಾಗಿತ್ತು. 'ಇನ್ನು ಮುಂದೆ ಶ್ರೀಮಂತನಂತೆಯೇ ಸಾಮಾನ್ಯನೂ ಶುದ್ಧವಾಗಿ ಸಂಚರಿಸುತ್ತಾನೆ' ಎಂದಿರಿ. ನನ್ನ ಹೆಂಡತಿ ಬಾಲ್ಕನಿಯಲ್ಲಿ ನಿಂತು ಅದನ್ನು ಕೇಳಿದ್ದಳು. ಸಾಮಾನ್ಯರು ದೊಡ್ಡವರ ಮಾತನ್ನು ನಂಬುತ್ತಾರೆ. ಅದೊಂದೇ ಅವರಲ್ಲಿರುವ ದೋಷ. ಗಾಡಿ ಕೊಂಡು ತಂದ ಮೇಲೆ ಗೊತ್ತಾಯಿತು, ಆ ಕಂಬಕ್ಕೆ ತಂತಿಯನ್ನೇ ಎಳೆದಿಲ್ಲವೆಂದು. ತಂತಿ ಎಳೆಯಬೇಕಾದವರು ವಿದ್ಯುತ್ ಮಂಡಳಿಯವರಂತೆ. ನೆಲ ಅಗೆಯಲು ಅನುಮತಿ ಕೊಡಬೇಕಾದವರು ನಗರಸಭೆಯವರಂತೆ. ಕಂಬ ಮಾತ್ರ ತಮ್ಮದಂತೆ. ಈಗ ಅದರ ಮೇಲೆ ಬಾಡಿಗೆ ಮನೆಯ ಚೀಟಿಗಳೂ, ಕಳೆದುಹೋದ ಬೆಕ್ಕೊಂದರ ಚಿತ್ರವೂ ಅಂಟಿವೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಮೂವರು ಜಗಳವಾಡುತ್ತಿದ್ದೀರಿ, ಕೂಸಿನ ಪಾಡು ಕೇಳುವುದೇ ಬೇಡ.

ನಾವಿರುವುದು ಹಳೆಯ ವಸತಿ ಕಟ್ಟಡವೊಂದರ ಮೂರನೆಯ ಮಹಡಿ. ಮೊದಲು ಕಿಟಕಿಯಿಂದ ಕೆಳಗೆ ತಂತಿ ಇಳಿಬಿಟ್ಟು ಚಾರ್ಜ್ ಮಾಡಿದೆವು. ಕಟ್ಟಡದ ಕಾರ್ಯದರ್ಶಿ ಸಜ್ಜನರೇ. ಮನೆಗೆ ಬಂದು ಕೂತು, ಟೀ ಕುಡಿದು, ಸಂಕೋಚದಿಂದಲೇ ಹೇಳಿದರು: "ಮೇಷ್ಟ್ರೇ, ಕೆಳಗಿನ ಮನೆಯವರು ಹೆದರ್ತಿದ್ದಾರೆ. ನಾಳೆ ಬೆಂಕಿ ಗಿಂಕಿ ಹತ್ಕೊಂಡ್ರೆ ನಾನು ಯಾರಿಗೆ ಉತ್ತರ ಹೇಳ್ಲಿ? ಬೀದಿ ತುದೀಲಿ ಕಂಬ ಇದೆಯಲ್ಲ, ಅಲ್ಲಿ ಹಾಕ್ಬಾರ್ದಾ?" ತಂತಿ ಮೇಲೆಳೆದುಕೊಂಡೆವು.

ಆಮೇಲೆ ಕೆಲವು ದಿನ ಅವಳ ಕೇಂದ್ರದ ಕಾವಲುಗಾರ ತನ್ನ ಕೋಣೆಯ ಪ್ಲಗ್ಗಿನಿಂದ ಚಾರ್ಜ್ ಮಾಡಿಕೊಳ್ಳಲು ಬಿಟ್ಟ. ಅವನ ತಾಯಿಯ ಕಾಲು ಮಾಡಿಕೊಟ್ಟವಳು ಇವಳೇ. ಅದರ ಮೇಲೂ ಒಂದು ಸುತ್ತೋಲೆ ಬಂತು: ಕಚೇರಿಗಳ ಆವರಣದಲ್ಲಿ ಖಾಸಗಿ ವಾಹನಗಳಿಗೆ ವಿದ್ಯುತ್ ಒದಗಿಸತಕ್ಕದ್ದಲ್ಲ. ಕಾವಲುಗಾರ ಬಂದು, ತನ್ನದೇ ತಪ್ಪು ಎನ್ನುವ ಹಾಗೆ ತಲೆ ತಗ್ಗಿಸಿ ನಿಂತನಂತೆ. ಅವಳೇ ಅವನಿಗೆ ಸಮಾಧಾನ ಹೇಳಿ ಬಂದಳು.

ಕೊನೆಗೆ ಉಳಿದದ್ದು ಅವಳ ತಮ್ಮ ಕೆಲಸ ಮಾಡುವ ಸಾಮಾನು ಗೋದಾಮು. ಅಲ್ಲಿಯ ಧಣಿ ಸಂಜೆ ಹೊತ್ತು ಮಾತ್ರ ಚಾರ್ಜ್ ಮಾಡಲು ಒಪ್ಪಿದ. ಕೆಲಸ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ಅಲ್ಲಿ ಗಾಡಿ ನಿಲ್ಲಿಸಿ, ಅದರ ಹೊಟ್ಟೆ ತುಂಬುವವರೆಗೆ ಅವಳು ಒಳಗೇ ಕೂತಿರಬೇಕು. ಶಾಲೆ ಬೇಗ ಬಿಟ್ಟ ದಿನ ನಾನೂ ಅಲ್ಲಿಗೆ ಹೋಗುತ್ತಿದ್ದೆ. ಮುಂದಿನ ಸೀಟಿನಲ್ಲಿ ಮಕ್ಕಳ ಪ್ರಬಂಧಗಳನ್ನು ತಿದ್ದುತ್ತಾ ಕೂರುತ್ತಿದ್ದೆ. ಅವಳು ಡಬ್ಬಿಯಲ್ಲಿ ಉಳಿದ ಮಧ್ಯಾಹ್ನದ ಊಟ ಮುಗಿಸಿ, ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡು, ಗೋದಾಮಿನಲ್ಲಿ ಪೆಟ್ಟಿಗೆ ಇಳಿಸುವವರನ್ನು ನೋಡುತ್ತಿದ್ದಳು. ಒಂದು ಸಂಜೆ ಹೇಳಿದಳು: "ರೀ, ನಾವಿಬ್ರೂ ಹೀಗೆ ಪಕ್ಕಪಕ್ಕ ಸುಮ್ನೆ ಕೂತು ಎಷ್ಟು ವರ್ಷ ಆಗಿತ್ತು ಹೇಳಿ. ಕಮಿಷನರ್ ಸಾಹೇಬ್ರಿಗೆ ಒಂದು ಥ್ಯಾಂಕ್ಸ್ ಹೇಳ್ಬೇಕು." ಇಬ್ಬರೂ ನಕ್ಕೆವು. ಗಾಜಿನ ಮೇಲೆ ನಮ್ಮ ಉಸಿರು ಮಂಜು ಕಟ್ಟಿತ್ತು. ಆ ಥ್ಯಾಂಕ್ಸನ್ನು ಈ ಮೂಲಕ ತಮಗೆ ತಲುಪಿಸಿದ್ದೇನೆ.

ಚಳಿಗಾಲ ಬರುವವರೆಗೂ ಹೇಗೋ ನಡೆಯಿತು. ಚಳಿ ಶುರುವಾದ ಮೇಲೆ ಗಾಡಿಯ ಶಕ್ತಿ ದಿನದಿನಕ್ಕೆ ಕುಗ್ಗತೊಡಗಿತು. ಹೋಗಿ ಬರುವುದಕ್ಕೆ ಸಾಕಾಗುತ್ತಿದ್ದದ್ದು ಹೋಗುವುದಕ್ಕೇ ಕಷ್ಟವೆನ್ನುವ ಹಾಗಾಯಿತು. ಅವಳು ಒಳಗಿನ ಹೀಟರ್ ಹಾಕುವುದನ್ನೇ ಬಿಟ್ಟಳು. ಅದು ಬ್ಯಾಟರಿ ತಿನ್ನುತ್ತದೆಂದು. ಮಂಜು ಕವಿದ ಗಾಜನ್ನು ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾ, ಎರಡೆರಡು ಕೈಗವಸು ಹಾಕಿಕೊಂಡು ಓಡಿಸುತ್ತಿದ್ದಳು. ನನಗೆ ಹೇಳಿರಲಿಲ್ಲ. ಒಂದು ದಿನ ಅವಳ ಕೈ ಹಿಡಿದಾಗ ಬೆರಳಿನ ಗೆಣ್ಣುಗಳು ಊದಿದ್ದು ಕಂಡು ಕೇಳಿದೆ. "ಅಲ್ಲಿ ಹೋಗಿ ಬಿಸಿನೀರಲ್ಲಿ ಅದ್ದೋದೇ ಅಲ್ವಾ, ಸರಿ ಹೋಗುತ್ತೆ," ಎಂದಳು. ಇನ್ನೊಬ್ಬರ ಕಾಲಿಗೆ ಬಿಸಿ ಕೊಡುವ ಕೈಗಳು, ಸ್ವಾಮಿ. ಮುಂಜಾನೆ ಅಲ್ಲಿ ಮುಟ್ಟುವ ಹೊತ್ತಿಗೆ ಮರಗಟ್ಟಿರುತ್ತಿದ್ದವು. ಅವುಗಳನ್ನು ಸರಿಮಾಡಿಕೊಳ್ಳುವುದರಲ್ಲೇ ಹೊತ್ತು ಮೀರುತ್ತಿತ್ತು. ಜತೆಗೆ ಏರಿನಲ್ಲಿ ಗಾಡಿ ಆಮೆಯಾಗುತ್ತಿತ್ತು. ಹಾಗಾಗಿ ಆಗಾಗ ತಡವಾಗುತ್ತಿತ್ತು. ಕೇಂದ್ರವನ್ನು ಈಗ ಗುತ್ತಿಗೆಗೆ ಕೊಟ್ಟಿದ್ದಾರೆ. ಗುತ್ತಿಗೆಯ ಮೇಲ್ವಿಚಾರಕ ಎಚ್ಚರಿಕೆ ಕೊಟ್ಟಿದ್ದ.

ಆ ಬೆಳಿಗ್ಗೆ ಒಬ್ಬ ಹುಡುಗಿಗೆ ಅಚ್ಚು ತೆಗೆಯುವುದಿತ್ತು. ಚಿಕ್ಕಂದಿನಲ್ಲೇ ಒಂದು ಕಾಲು ಕಳೆದುಕೊಂಡವಳು, ಅಜ್ಜಿ ಸಾಕುತ್ತಿದ್ದಾಳೆ. ಮಕ್ಕಳು ಬೆಳೆಯುತ್ತಾರೆ, ಮಾಡಿಕೊಟ್ಟ ಕಾಲು ಬೆಳೆಯುವುದಿಲ್ಲ. ಹೀಗಾಗಿ ಮತ್ತೆಮತ್ತೆ ಹೊಸದು ಬೇಕು. ಮೊದಲ ಕಾಲಿನಿಂದ ಈವರೆಗೆ ಎಲ್ಲವನ್ನೂ ಮಾಡಿಕೊಟ್ಟವಳು ನನ್ನ ಹೆಂಡತಿ. ಅವಳ ಕೈಗಲ್ಲದೆ ಬೇರೆಯವರ ಕೈಗೆ ಆ ಹುಡುಗಿ ಕಾಲು ಕೊಡುತ್ತಿರಲಿಲ್ಲ. 'ಇವತ್ತು ನನ್ನ ಹುಡುಗಿ ಬರ್ತಾಳೆ' ಎಂದು ಹೇಳಿ, ಎಂದಿಗಿಂತ ಬೇಗ ಮನೆ ಬಿಟ್ಟಿದ್ದಳು.

ಸೇತುವೆಯ ನಟ್ಟನಡುವೆ ಗಾಡಿ ನಿಂತಿತು. ಮೀಟರು ಇನ್ನೂ ಕಾಲು ಭಾಗ ಉಳಿದಿದೆ ಎಂದೇ ತೋರಿಸುತ್ತಿತ್ತಂತೆ. ಹಳೆಯ ಪೆಟ್ರೋಲ್ ಗಾಡಿ ಸಾಯುವ ಮೊದಲು ಕೆಮ್ಮುತ್ತದೆ, ಏದುಸಿರು ಬಿಡುತ್ತದೆ, ಹೊಗೆ ಉಗುಳಿ ನಾಲ್ಕು ಜನಕ್ಕೆ ಹೇಳುತ್ತದೆ. ಹಳೆಯ ಬ್ಯಾಟರಿ ಹಾಗಲ್ಲ. ಚೆನ್ನಾಗಿದ್ದೇನೆ ಎನ್ನುತ್ತಲೇ ಪ್ರಾಣ ಬಿಡುತ್ತದೆ. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು, ಕೆಲವರು ಬೈದರು. ಇಬ್ಬರು ಇಳಿದು ಬಂದು ಗಾಡಿಯನ್ನು ಅಂಚಿಗೆ ತಳ್ಳಿಕೊಟ್ಟರು. ಅವಳು ಬಾಗಿಲು ಹಾಕಿಕೊಂಡು, ಹನಿಯುತ್ತಿದ್ದ ಮಳೆಯಲ್ಲಿ ನಡೆಯತೊಡಗಿದಳು. ಅದು ಬಸ್ಸು ಓಡಾಡುತ್ತಿದ್ದ ದಾರಿಯೇ. ಸೇತುವೆ ಮುಗಿಸಿ, ಇಡೀ ಏರು ಹತ್ತಿ, ಬಟ್ಟೆ ಮೈಗಂಟಿಕೊಂಡು ಕೇಂದ್ರ ಮುಟ್ಟಿದಾಗ ಬೆಂಚುಗಳು ಅರ್ಧ ಖಾಲಿಯಾಗಿದ್ದವು.

ಮೇಲ್ವಿಚಾರಕ ಕಾಯಲಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದ ಒಬ್ಬಳಿಂದ ಹುಡುಗಿಯ ಅಚ್ಚು ತೆಗೆಸಿ ಮುಗಿಸಿದ್ದ. ಹುಡುಗಿ ಅತ್ತಿದ್ದಳು, ಅಜ್ಜಿ ಅವಳನ್ನು ಗದರಿಸಿ ಕೂರಿಸಿದ್ದಳು. ನನ್ನ ಹೆಂಡತಿ ಆ ಅಚ್ಚನ್ನು ಕೈಯಲ್ಲಿ ಎತ್ತಿ ನೋಡಿ, ಬಿಗಿಯಾಗಿದೆ, ಮತ್ತೆ ತೆಗೆಯಬೇಕು ಎಂದಳಂತೆ. ಅವನು ಅದನ್ನು ಅವಳ ಕೈಯಿಂದ ಇಸಿದುಕೊಂಡು ಹೇಳಿದ್ದು ಇಷ್ಟು: "ನಿಮ್ಮ ಕೈ ಚಿನ್ನ ಕಣಮ್ಮ, ನಾನು ಇಲ್ಲ ಅನ್ನಲ್ಲ. ಆದ್ರೆ ನನಗೆ ಆ ಕೈ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಇಲ್ಲಿ ಬೇಕು. ನಾಳೆಯಿಂದ ಬರೋದು ಬೇಡ."

ಅವನನ್ನು ನಾನು ದೂರುವುದಿಲ್ಲ. ಅವನ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ. ಹತ್ತುತ್ತಾ ಹೋದರೆ ಎಲ್ಲೋ ಒಂದು ಕಡೆ 'ಪಡಿಸಲಾಗಿದೆ' ಎಂಬ ಕ್ರಿಯಾಪದ ಸಿಗುತ್ತದೆಯೇ ಹೊರತು ಮನುಷ್ಯ ಸಿಗುವುದಿಲ್ಲ.

ಗಾಡಿಯನ್ನು ಎಳೆಸಿಕೊಂಡು ಬಂದು ಬ್ಯಾಟರಿ ಪರೀಕ್ಷಿಸುವ ಕಡೆ ಕೊಟ್ಟೆವು. ನೋಡಿದವನು, ನಾವು ಕೊಳ್ಳುವ ಹೊತ್ತಿಗೇ ಅದರ ಆಯಸ್ಸು ಹೆಚ್ಚುಕಡಿಮೆ ಮುಗಿದಿತ್ತು ಎಂದ. ಹೊಸ ಬ್ಯಾಟರಿಯ ಬೆಲೆ ಕೇಳಿ ಅವಳ ತಮ್ಮ ಶಿಳ್ಳೆ ಹಾಕಿದ. ಗಾಡಿಗಿಂತ ಅದೇ ದುಬಾರಿ. ಮಾರಿದವನ ಬಳಿ ಹೋದರೆ, ಅವನು ಮತ್ತೆ ತಮ್ಮ ಯೋಗ್ಯತಾ ಪತ್ರವನ್ನೇ ತೋರಿಸಿದ. ಹೀಗಾಗಿ ಆ ಪತ್ರ ಹಿಡಿದು ತಮ್ಮ ಕಚೇರಿಗೆ ಬಂದೆ.

ಕಿಟಕಿಯ ಆಚೆಗಿದ್ದ ಗುಮಾಸ್ತರು ಸಭ್ಯರು. ನನ್ನ ಮಾತು ಕೇಳಿ, ಏನೇನು ತಪಾಸಣೆಯಾಗಿದೆ ಎಂದು ಓದಿ ಹೇಳಿದರು. ದೀಪ ಸರಿಯಿದೆ. ಹಾರ್ನ್ ಸರಿಯಿದೆ. ಬ್ರೇಕು, ಚಕ್ರ, ಕನ್ನಡಿ ಸರಿಯಿವೆ. ಹೊಗೆ ನಿಗದಿತ ಮಿತಿಯೊಳಗಿದೆ.

"ಸಾರ್, ಇದು ವಿದ್ಯುತ್ ಗಾಡಿ. ಇದರಲ್ಲಿ ಹೊಗೆ ಬರೋದೇ ಇಲ್ಲ," ಎಂದೆ.

"ಅದಕ್ಕೇ ಮಿತಿಯೊಳಗಿದೆ ಅಂತ ಬರ್ದಿದಾರೆ."

"ಬ್ಯಾಟರಿ?"

ಅವರು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. "ಬ್ಯಾಟರಿಗೆ ಕಾಲಮ್ಮೇ ಇಲ್ಲ ಮೇಷ್ಟ್ರೇ. ಇಲ್ಲದ ಕಾಲಂನಲ್ಲಿ ಏನ್ ಬರೀಲಿ?" ಎಂದರು. ನಿಜಕ್ಕೂ ಬೇಸರದಿಂದಲೇ ಹೇಳಿದರು.

ಆಯುಕ್ತರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನಾನು ವಿದ್ಯುತ್ ಗಾಡಿಯ ವೈರಿಯಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಡಂ ಸ್ವಂತ ಮನೆಯ ಅಂಗಳದಲ್ಲಿ ಅಂಥದೊಂದನ್ನು ಇಟ್ಟುಕೊಂಡು ಸುಖವಾಗಿದ್ದಾರೆ. ಅಂಗಳವಿದ್ದವರಿಗೆ, ಹೊಸ ಬ್ಯಾಟರಿ ಕೊಳ್ಳಬಲ್ಲವರಿಗೆ, ಅದು ಚಿನ್ನದಂಥ ವಸ್ತು. ಪೆಟ್ರೋಲ್ ಗಾಡಿಯೇನು ದೇವರಲ್ಲ. ಅದು ತಿಂಗಳು ತಿಂಗಳು ಜೇಬು ಸುಡುತ್ತದೆ, ಊರಿನ ಶ್ವಾಸಕೋಶವನ್ನೂ ಸುಡುತ್ತದೆ. ಯಾವುದು ಒಳ್ಳೆಯದು ಎಂಬ ಪ್ರಶ್ನೆಯೇ ನನ್ನದಲ್ಲ. ನಮ್ಮಂಥವರು ಎರಡರ ನಡುವೆ ಆರಿಸಿಕೊಳ್ಳುವಾಗ ಕಣ್ಣು ಬಿಟ್ಟುಕೊಂಡು ಆರಿಸಿಕೊಳ್ಳುವಂತೆ ಇರಬೇಡವೇ ಎಂಬುದು ಪ್ರಶ್ನೆ. ಹೊಸ ಗಾಡಿ ಕೊಳ್ಳುವವರಿಗೆ ತಾವು ರಿಯಾಯಿತಿ ಕೊಟ್ಟಿರಿ, ತೆರಿಗೆ ಬಿಟ್ಟಿರಿ. ಅವರು ಅದರ ಬ್ಯಾಟರಿಯ ಸಾರವನ್ನೆಲ್ಲ ಹೀರಿ, ಸಿಪ್ಪೆಯನ್ನು ಅಂಗಡಿಗೆ ಕೊಟ್ಟು, ಇನ್ನೊಂದು ಹೊಸದನ್ನು ತಂದರು. ಆ ಸಿಪ್ಪೆಗೆ ತಾವು ಯೋಗ್ಯವೆಂದು ಮುದ್ರೆ ಒತ್ತಿ ನಮಗೆ ದಾಟಿಸಿದಿರಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವನು ಗಾಡಿಯನ್ನು ಮಾತ್ರ ಕೊಳ್ಳುವುದಿಲ್ಲ, ಇನ್ನೊಬ್ಬರ ಮಾತನ್ನೂ ಕೊಳ್ಳುತ್ತಾನೆ. ನರ್ಸಮ್ಮನ ಮಾತಿಗೆ ಮುದ್ರೆಯಿರಲಿಲ್ಲ. ನಾವು ಮುದ್ರೆಯಿದ್ದ ಮಾತನ್ನು ಕೊಂಡೆವು.

ಆಮೇಲೆ ನಡೆದದ್ದನ್ನೂ ಹೇಳಿಬಿಡುತ್ತೇನೆ. ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ನಮ್ಮ ಬಾಗಿಲು ತಟ್ಟಿದರು. ಅದೇ ಹುಡುಗಿ, ಅವಳ ಅಜ್ಜಿ. ಕಾವಲುಗಾರನಿಂದ ವಿಳಾಸ ಕೇಳಿಕೊಂಡು ಬಂದಿದ್ದರು. ಹುಡುಗಿ ಹೊಸ ಕಾಲನ್ನು ಹಾಕಿಕೊಂಡಿರಲಿಲ್ಲ. ಚೀಲದಲ್ಲಿ ಹೊತ್ತು ತಂದಿದ್ದಳು. ಮೂರು ಮಹಡಿ ಊರುಗೋಲಿನಲ್ಲಿ ಹತ್ತಿ ಬಂದಿದ್ದಳು. ಅಜ್ಜಿ ಬಾಗಿಲಲ್ಲೇ ನಿಂತು, "ತಾಯಿ, ಇದು ಚುಚ್ಚುತ್ತೆ ಅಂತ ಅಳ್ತಾಳೆ. ಅಲ್ಲಿ ತೋರ್ಸಿದ್ರೆ ಅಭ್ಯಾಸ ಆಗುತ್ತೆ ಹೋಗಿ ಅಂತಾರೆ. ನೀವೊಂದು ಸಲ ಕೈ ಇಡಿ," ಎಂದಳು.

ನನ್ನ ಹೆಂಡತಿ ಇಬ್ಬರನ್ನೂ ಒಳಗೆ ಕೂರಿಸಿದಳು. ನೆಲದ ಮೇಲೆ ಕೂತು ಹುಡುಗಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು. ತುದಿಯಲ್ಲಿ ಚರ್ಮ ಕೆಂಪಾಗಿ ಒಂದು ಕಡೆ ಕಿತ್ತುಬಂದಿತ್ತು. ಅವಳು ಬಹಳ ಹೊತ್ತು ಅಲ್ಲಿ ಕೈಯಿಟ್ಟುಕೊಂಡು ಕೂತಳು. ಮನೆಯಲ್ಲಿ ಪ್ಲಾಸ್ಟರ್ ಇಲ್ಲ, ಉಜ್ಜುವ ಯಂತ್ರವಿಲ್ಲ, ಬಿಸಿ ಮಾಡಿ ಬಾಗಿಸುವ ಒಲೆಯಿಲ್ಲ. ಹಳೆಯ ಮೆತ್ತನೆಯ ಬಟ್ಟೆ ಕತ್ತರಿಸಿ ಗಾಯ ಮುಟ್ಟದ ಹಾಗೆ ಒಳಪದರ ಮಾಡಿ ಹೊಲಿದಳು. ಹುಡುಗಿ ಅದನ್ನು ಹಾಕಿಕೊಂಡು ನಮ್ಮ ಹಜಾರದಲ್ಲಿ ಗೋಡೆ ಹಿಡಿದು ನಡೆದು ನೋಡಿದಳು. "ಈಗ ಸ್ವಲ್ಪ ಕಮ್ಮಿ," ಎಂದಳು. ಆಮೇಲೆ, "ಕಾಲಮ್ಮ, ನೀವು ಯಾವಾಗ ವಾಪಸ್ ಬರ್ತೀರಾ?" ಎಂದು ಕೇಳಿದಳು.

"ನೀನು ಗಾಯ ಒಣಗೋವರೆಗೆ ಇದನ್ನ ಜಾಸ್ತಿ ಹೊತ್ತು ಹಾಕ್ಬೇಡ, ಆಯ್ತಾ? ಅಲ್ಲಿ ಹೋಗಿ ಮತ್ತೆ ಅಚ್ಚು ತೆಗೆಯೋಕೆ ಹೇಳು. ಜಗಳ ಆಡು. ಅಜ್ಜಿ, ನೀವೂ ಜಗಳ ಆಡಿ," ಎಂದಳು ನನ್ನ ಹೆಂಡತಿ. ಅವರನ್ನು ಕೆಳಗಿನವರೆಗೆ ಬಿಟ್ಟು ಬರುತ್ತೇನೆಂದು ಹೋದವಳು ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ಹೋಗಿ ನೋಡಿದರೆ ಮೊದಲ ಮಹಡಿಯ ಮೆಟ್ಟಿಲಿನ ಮೇಲೆ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ. "ಒಂದು ಬೆರಳಷ್ಟು ಜಾಗ, ರೀ. ಒಂದು ಬೆರಳಷ್ಟು ಸಡಿಲ ಬಿಟ್ಟಿದ್ರೆ ಸಾಕಿತ್ತು," ಎಂದಳು. ಮದುವೆಯಾದಂದಿನಿಂದ ಅವಳು ನನ್ನೆದುರು ಅತ್ತದ್ದು ಬಹಳ ಕಡಿಮೆ. ಅಂದು ಅತ್ತಳು. ಮೆಟ್ಟಿಲು ಹತ್ತಿ ಇಳಿಯುವವರು ಪಕ್ಕಕ್ಕೆ ಸರಿದು ಹೋದರು.

ಈಗ ಅವಳು ನಮ್ಮ ಬೀದಿಯ ಬ್ರೆಡ್ ಅಂಗಡಿಯಲ್ಲಿ ಗಿರಾಕಿಗಳಿಗೆ ಪೊಟ್ಟಣ ಕಟ್ಟಿಕೊಡುತ್ತಾಳೆ. ನಡೆದೇ ಹೋಗಿ ಬರುತ್ತಾಳೆ. ಅಂಗಡಿಯವರು ಒಳ್ಳೆಯವರು, ಸಂಬಳ ಕಡಿಮೆಯಾದರೂ ಹೊತ್ತಿಗೆ ಸರಿಯಾಗಿ ಕೊಡುತ್ತಾರೆ. ಅವಳ ಕೈಗೆ ಕೆಲಸವಿದೆ, ಕೈಯೊಳಗಿದ್ದ ವಿದ್ಯೆಗೆ ಇಲ್ಲ. ಮೊನ್ನೆ ಪೊಟ್ಟಣವೊಂದನ್ನು ಅವಳು ಎರಡೂ ಅಂಗೈಯಲ್ಲಿ ಹಿಡಿದು, ಸುಮ್ಮನೆ ಒಂದು ಗಳಿಗೆ ಹಾಗೇ ನಿಂತದ್ದನ್ನು ಬೀದಿಯಿಂದ ನೋಡಿದೆ. ಒಳಗೆ ಹೋಗಲು ಧೈರ್ಯವಾಗದೆ ಮುಂದೆ ನಡೆದೆ.

ಇಷ್ಟಾದ ಮೇಲೆ ನಾನು ಕೇಳುವುದೇನು? ಪರಿಹಾರ ಬೇಡ, ಅದಕ್ಕೂ ಒಂದು ಅರ್ಜಿ, ಒಂದು ಕಿಟಕಿ ಇರುತ್ತದೆಂದು ಬಲ್ಲೆ. ಮಾರಾಟಕ್ಕೆ ಬರುವ ಪ್ರತಿ ಹಳೆಯ ವಿದ್ಯುತ್ ಗಾಡಿಯ ಬ್ಯಾಟರಿಯನ್ನು ಪರೀಕ್ಷಿಸಿ, ಅದರಲ್ಲಿ ಎಷ್ಟು ಜೀವ ಉಳಿದಿದೆ ಎಂಬುದನ್ನು ಕೊಳ್ಳುವವನ ಕಣ್ಣಿಗೆ ಕಾಣುವ ಹಾಗೆ ಬರೆಸಿ. ಅದನ್ನು ಬರೆಯದೆ ಮುದ್ರೆ ಒತ್ತಬೇಡಿ. ಅಂಗಳವಿಲ್ಲದವರ ಬೀದಿಗಳಲ್ಲಿ ನೆಟ್ಟ ಕಂಬಗಳಿಗೆ ವಿದ್ಯುತ್ ಕೊಡಿಸಿ, ಇಲ್ಲವೇ ಕಿತ್ತುಕೊಂಡು ಹೋಗಿ. ನಂಬಿ ಕೆಡುವವರು ಒಂದಿಷ್ಟು ಕಡಿಮೆಯಾದಾರು. ಎಲ್ಲಕ್ಕಿಂತ ಮೊದಲು, ಸೇತುವೆಯ ಆಚೆ ದುಡಿಯುವವರಿಗೆ ಆ ಮುಂಜಾನೆಯ ಬಸ್ಸನ್ನು ಹಿಂದಿರುಗಿಸಿ. ಅದಿದ್ದಿದ್ದರೆ ಪೆಟ್ರೋಲೋ ವಿದ್ಯುತ್ತೋ ಎಂಬ ಚಿಂತೆ ನಮ್ಮ ಮನೆಯ ಹೊಸ್ತಿಲನ್ನೇ ತುಳಿಯುತ್ತಿರಲಿಲ್ಲ.

ಇದನ್ನು ಬರೆಯುತ್ತಿರುವಾಗ ಅವಳು ಅಂಗಡಿಯಿಂದ ಬಂದು, ಹೆಗಲ ಮೇಲಿಂದ ಬಗ್ಗಿ ನೋಡಿ ಕೇಳಿದಳು.

"ಯಾರಿಗೆ ಬರೀತಿದ್ದೀರಿ?"

"ಕಮಿಷನರ್ ಸಾಹೇಬ್ರಿಗೆ."

ಅವಳು ಸ್ವಲ್ಪ ಹೊತ್ತು ಓದಿದಳು. ಆಮೇಲೆ ಅಡುಗೆಮನೆ ಕಡೆ ಹೋಗುತ್ತಾ, "ತುಂಬ ಬೈಬೇಡಿ ರೀ. ಪಾಪ, ಅವರಿಗೂ ಯಾರೂ ಹೇಳಿರಲ್ಲ," ಎಂದಳು.

ಅವಳ ಮಾತಿಗೆ ಬೆಲೆ ಕೊಟ್ಟು ಬೈಗುಳದ ಒಂದು ಪುಟವನ್ನು ಹರಿದು ಹಾಕಿದ್ದೇನೆ. ತಮಗೆ ಗೊತ್ತಿರಲಿಲ್ಲ ಎಂದು ಅವಳು ನಂಬಿದ್ದಾಳೆ. ಆ ನಂಬಿಕೆಯನ್ನು ಮುರಿಯಲು ನನಗೆ ಮನಸ್ಸಿಲ್ಲ. ಗೊತ್ತಿರಲಿಲ್ಲ ಎಂದೇ ಇಟ್ಟುಕೊಳ್ಳೋಣ, ಆಯುಕ್ತರೇ. ಈಗ ಹೇಳಿದ್ದೇನೆ.

ಇಂತಿ,
ಹೇಳುವುದಷ್ಟನ್ನೇ ಕಲಿತ ಒಬ್ಬ ಶಾಲಾ ಮೇಷ್ಟ್ರು,
ಕಾಲಮ್ಮನ ಗಂಡ